143 ಆಯ್ತು, 200 ಆಗಿಲ್ಲ: ಕ್ಯಾಮೆರಾ ಎಲ್ಲಿ ಅಂತ ಕೇಳೋರಿಗೆ

ಫೋಟೋ 1

ನಗಬೇಡಿ. ಇದು ಕುಮಾರ ಪಾರ್ಕ್ ವೆಸ್ಟ್‌ನ ನಮ್ಮ ಮನೆ ಹಾಲ್. ಸೋಫಾ ಗೋಡೆಗೆ ತಳ್ಳಿ, ಫ್ಯಾನ್ ಆಫ್ ಮಾಡಿ, ನೆಲದ ತುಂಬ ನನ್ನ ಪ್ಯಾರಾಚೂಟ್ ಹಾಸ್ಕೊಂಡಿದ್ದೀನಿ. ಮೂಲೆಯಲ್ಲಿ ಕಾಣ್ತಿರೋ ಹವಾಯಿ ಚಪ್ಪಲಿ ಅಜ್ಜಿದು. "ಏನೇ ಇದು, ಮನೆಯೊಳಗೇ ಶಾಮಿಯಾನ ಹಾಕ್ಸಿದ್ದೀಯಾ" ಅಂತ ಬೈದು, ಆಮೇಲೆ ಅವರೇ ಕೂತು ಬಟ್ಟೆ ಮುಟ್ಟಿ ನೋಡಿದ್ರು. ಇದು ನೈಲಾನ್ ಅಜ್ಜಿ, ಹಿಂದೆ ರೇಷ್ಮೇಲಿ ಮಾಡ್ತಿದ್ರು, ಎರಡನೇ ಮಹಾಯುದ್ಧದಲ್ಲಿ ನಮ್ಮ ಮೈಸೂರು ಸೀಮೆ ರೇಷ್ಮೆಗೆ ಪ್ಯಾರಾಚೂಟ್ ಬಟ್ಟೆಗೋಸ್ಕರನೇ ಬೇಡಿಕೆ ಬಂದಿತ್ತು ಅಂದೆ. "ಅದಕ್ಕೇ ಆಗ ಸೀರೆ ಸಿಗ್ತಿರಲಿಲ್ಲ" ಅಂದ್ರು. ಗೊತ್ತಿದ್ದು ಹೇಳಿದ್ರೋ ಸುಮ್ನೆ ಹೇಳಿದ್ರೋ!

ಸರಿ, ವಿಷಯಕ್ಕೆ ಬರ್ತೀನಿ. ಹೋದ ವಾರದ ಪೋಸ್ಟ್‌ಗೆ ಬಂದ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ನೆಲದ ಮೇಲಿನ ಫೋಟೋನೇ ಹಾಕ್ತೀಯಲ್ಲ, ಹಾರೋ ವಿಡಿಯೋ ಎಲ್ಲಿ? ಗೋಪ್ರೋ ಇಲ್ವಾ?

ಗೋಪ್ರೋ ಇದೆ. ಬೀರುವಿನಲ್ಲಿದೆ. ನನ್ನ ಲಾಗ್‌ಬುಕ್‌ನಲ್ಲಿ ಇವತ್ತಿಗೆ 143 ಜಂಪ್. ಕ್ಯಾಮೆರಾ ಕಟ್ಕೊಂಡು ಹಾರೋಕೆ ಮುಂಚೆ ಕನಿಷ್ಠ 200 ಜಂಪ್ ಆಗಿರಲಿ ಅನ್ನೋದು ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ಕೊಡೋ ಸಲಹೆ. ಸಲಹೆ ಅಷ್ಟೇ, ಕಾನೂನಲ್ಲ. ನಾನು 143ನೇ ಜಂಪ್‌ಗೇ ಹೆಲ್ಮೆಟ್ ಮೇಲೆ ಅಂಟಿಸ್ಕೊಂಡ್ರೆ ಪೊಲೀಸ್ ಬಂದು ಹಿಡಿಯಲ್ಲ. ಆದ್ರೂ ಅಂಟಿಸ್ಕೊಳ್ಳಲ್ಲ. ಯಾಕೆ ಅನ್ನೋದು ಈ ಐದು ಫೋಟೋಗಳ ಕಥೆ. ಇದರಲ್ಲಿ ನಮ್ಮ ಬ್ಯಾಚಿನ ಒಬ್ಬನ ಜೊತೆ ನಡೀತಿರೋ ಜಗಳವೂ ಇದೆ. ಅವನು ಇದನ್ನ ಓದ್ತಾನೆ ಅಂತ ಗೊತ್ತು, ಓದ್ಲಿ ಅಂತಾನೇ ಬರೀತಿದ್ದೀನಿ.

ಫೋಟೋ 2

ಇದು ಲಾಗ್‌ಬುಕ್‌ನ 61ನೇ ಜಂಪ್ ಪುಟ. ಕೆಂಪು ಪೆನ್ನಲ್ಲಿ ಗೀಚಿರೋದು ಅವತ್ತು ನೆಲದ ಮೇಲಿದ್ದ ಹಿರಿಯ ಕೋಚ್. ಏನು ಬರೆದಿದ್ದಾರೆ ಅಂತ ಹೇಳಲ್ಲ, ಮರ್ಯಾದೆ ಪ್ರಶ್ನೆ.

ನಾನು ಕಲಿತಿದ್ದು ಹೊರದೇಶದಲ್ಲಿ, ಮಾಸ್ಟರ್ಸ್ ಓದೋವಾಗ. 13,000 ಅಡಿಯಿಂದ ಜಂಪ್. ಮೊದಲ ಸಾವಿರ ಅಡಿ ಬೀಳೋಕೆ ಹತ್ತು ಸೆಕೆಂಡು ಬೇಕು, ಆಮೇಲೆ ಪ್ರತಿ ಸಾವಿರ ಅಡಿಗೆ ಐದೂವರೆ ಸೆಕೆಂಡು. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿ.ಮೀ. ಅಂದ್ರೆ ಪ್ಯಾರಾಚೂಟ್ ಬಿಚ್ಚೋ ತನಕ ಕೈಯಲ್ಲಿರೋದು ಒಟ್ಟು 50 ಸೆಕೆಂಡು ಚಿಲ್ರೆ. ಶಿವಾನಂದ ಸರ್ಕಲ್‌ನಲ್ಲಿ ಕೆಂಪು ದೀಪಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಕಾದಿದ್ದೀರ.

ಅವತ್ತು ಎದುರಿಗೆ ಹಾರ್ತಿದ್ದವಳ ತಲೆ ಮೇಲೆ ಕ್ಯಾಮೆರಾ ಇತ್ತು. ಗಮನಿಸಿ, ನನ್ನ ತಲೆ ಮೇಲಲ್ಲ. ನಾನು ಬರೀ ಪೋಸ್ ಕೊಡ್ತಿದ್ದೆ. ಎರಡೂ ಕೈ ಸೇರಿಸಿ ಹಾರ್ಟ್ ಮಾಡ್ದೆ. ಸರಿಯಾಗಿ ಬರ್ಲಿಲ್ಲ ಅನ್ನಿಸಿ ಇನ್ನೊಂದ್ಸಲ ಮಾಡ್ದೆ. 4,000 ಅಡಿಗೆ ಬಿಚ್ಚಬೇಕು ಅಂತ ನೆಲದ ಮೇಲೆ ಮೂರು ಸಲ ಹೇಳ್ಕೊಂಡಿದ್ದೆ. ಆಲ್ಟಿಮೀಟರ್ ನೋಡಿದಾಗ ಮುಳ್ಳು 2,900ರ ಹತ್ತಿರ ಇತ್ತು.

ಬಿಚ್ಚಿದೆ, ಅರಳಿತು, ಇಳಿದೆ. ಕಥೆಯಲ್ಲಿ ಮತ್ತೇನೂ ಇಲ್ಲ. ಆದ್ರೆ ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕಿದೆ. ಆ ಎತ್ತರದಿಂದ ಆ ವೇಗದಲ್ಲಿ ನೆಲಕ್ಕೆ ಸುಮಾರು 16 ಸೆಕೆಂಡು. ಕ್ಯಾನಪಿ ಪೂರ್ತಿ ಅರಳೋಕೇ ನಾಲ್ಕು ಸೆಕೆಂಡು ಬೇಕು. ಅದು ತಿರುಚಿಕೊಂಡು ಬಂದಿದ್ರೆ, ಅದನ್ನ ಕತ್ತರಿಸಿ ಬಿಟ್ಟು ರಿಸರ್ವ್ ಎಳೆಯೋ ನಿರ್ಧಾರಕ್ಕೆ ಉಳೀತಿದ್ದಿದ್ದು ಬೆರಳೆಣಿಕೆ ಸೆಕೆಂಡು. ಆ ವಿಡಿಯೋ ನನ್ನ ಹತ್ರ ಇದೆ. ಹಾರ್ಟ್ ತುಂಬ ಚೆನ್ನಾಗಿ ಬಂದಿದೆ. ಪೋಸ್ಟ್ ಮಾಡಲ್ಲ.

ಕ್ಯಾಮೆರಾ ಭಾರ ಅಂತಲೋ, ದಾರ ಸಿಕ್ಕಿಹಾಕ್ಕೊಳ್ಳತ್ತೆ ಅಂತಲೋ 200 ಹೇಳ್ತಾರೆ ಅಂದ್ಕೊಂಡಿದ್ದೆ. ಅದೂ ನಿಜ, ಹೆಲ್ಮೆಟ್ ಮೇಲೆ ಏನು ಚಾಚಿಕೊಂಡಿದ್ರೂ ದಾರಕ್ಕೆ ಕೊಕ್ಕೆ ಸಿಕ್ಕ ಹಾಗೆ. ಆದ್ರೆ ಅದಕ್ಕಿಂತ ದೊಡ್ಡದು ತಲೆಯೊಳಗಿನ ಜಾಗ. ಎತ್ತರ ನೋಡೋದು, ಬೇರೆಯವರಿಂದ ದೂರ ಸರಿಯೋದು, ಬಿಚ್ಚೋದು, ಇವೆಲ್ಲ ಯೋಚಿಸದೆ ಆಗೋವಷ್ಟು ಮೈಗೆ ಹತ್ತಿದ ಮೇಲೆ ಮಾತ್ರ ಕ್ಯಾಮೆರಾಗೆ ಅಲ್ಲಿ ಜಾಗ.

ಹತ್ತಿದ ಮೇಲೂ ಏನಾಗಬಹುದು ಅನ್ನೋದಕ್ಕೆ ಐವನ್ ಮೆಕ್‌ಗ್ವೈರ್ ಇದ್ದಾನೆ. ಏಪ್ರಿಲ್ 1988, ಅಮೆರಿಕದ ನಾರ್ತ್ ಕ್ಯಾರೊಲಿನಾ. 800 ಜಂಪ್ ಆಗಿದ್ದ ಮನುಷ್ಯ. ಪಾಠ ಕಲೀತಿದ್ದ ವಿದ್ಯಾರ್ಥಿಯನ್ನ ವಿಡಿಯೋ ಮಾಡೋಕೆ ವಿಮಾನದಿಂದ ಜಿಗಿದ. ಬೆನ್ನ ಮೇಲೆ ಇದ್ದಿದ್ದು ಆಗಿನ ಕಾಲದ ಭಾರದ ವಿಡಿಯೋ ಸಾಮಾನು. ಪ್ಯಾರಾಚೂಟ್ ಇರ್ಲಿಲ್ಲ. ಹಾಕ್ಕೊಳ್ಳೋದನ್ನೇ ಮರೆತಿದ್ದ. ಬೆನ್ನ ಮೇಲೆ ಭಾರ ಇದೆ ಅನ್ನೋ ಭಾವನೆಯೇ ಮೋಸ ಮಾಡಿರಬೇಕು. ವಿಮಾನದಲ್ಲಿದ್ದ ಯಾರೊಬ್ಬರೂ ಅವನ ಗಿಯರ್ ಕಡೆ ಕಣ್ಣು ಹಾಯಿಸಿರಲಿಲ್ಲ. ಬಾಗಿಲು ತೆಗೆಯೋ ಮುಂಚೆ ಪಕ್ಕದವರ ಹತ್ರ ಒಂದ್ಸಲ ಚೆಕ್ ಮಾಡಿಸ್ಕೋ ಅಂತ ಈಗ ಎಲ್ಲಾ ಕಡೆ ತಲೆ ತಿನ್ನೋದು ಸುಮ್ನೆ ಅಲ್ಲ. ಸಾವಿರ ಜಂಪ್ ಆದೋರೂ ನನ್ನಂಥ ಪಿಳ್ಳೆ ಹತ್ರ ಚೆಕ್ ಮಾಡಿಸ್ಕೋತಾರೆ.

ಫೋಟೋ 3

ಅಜ್ಜಿ ಪೂಜೆ ಸಾಮಾನಿನ ಪಕ್ಕ ಇಟ್ಟು ತೆಗೆದ ಫೋಟೋ. ನಡುವೆ ಇರೋ ಮೂರು ಉಂಗುರ ನೋಡಿ, ದೊಡ್ಡದರೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಕೆಟ್ಟ ಕ್ಯಾನಪಿ ಬಂದ್ರೆ ಬಲಗಡೆ ಹ್ಯಾಂಡಲ್ ಎಳೆದ ಕೂಡಲೇ ಇಡೀ ಕ್ಯಾನಪಿಯನ್ನ ಮೈಯಿಂದ ಬಿಡಿಸೋದು ಇದೇ. ಬಿಲ್ ಬೂತ್ ಅನ್ನೋರು 1970ರ ದಶಕದಲ್ಲಿ ಮಾಡಿದ್ದು. ಇಷ್ಟು ಸರಳವಾದ, ಇಷ್ಟು ಜೀವ ಉಳಿಸಿದ ವಸ್ತು ನಮ್ಮ ಮೆಕ್ಯಾನಿಕಲ್ ಸಿಲಬಸ್‌ನಲ್ಲಿ ಯಾಕಿರ್ಲಿಲ್ಲ ಅಂತ ಇವತ್ತಿಗೂ ಬೇಜಾರು.

ಎಡಗಡೆ ಹ್ಯಾಂಡಲ್ ರಿಸರ್ವ್‌ದು. ಅದನ್ನ ಕಟ್ಟೋಕೆ ಲೈಸೆನ್ಸ್ ಇರೋ ರಿಗ್ಗರ್‌ಗೆ ಮಾತ್ರ ಅಧಿಕಾರ, ಅಮೆರಿಕದ ನಿಯಮದಲ್ಲಿ 180 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ನಾನು ಹಾಲ್‌ನಲ್ಲಿ ಮಡಿಸೋದು ಮೇನ್ ಮಾತ್ರ. ರಿಗ್ಗರ್ ಮಲ್ಲೇಶ್ವರ 8ನೇ ಕ್ರಾಸ್‌ನಲ್ಲಿ ಸಿಗೋ ಟೈಲರ್ ಅಲ್ಲ ಕಣ್ರೋ, ಗಿಯರ್ ಕೊಂಡ್ಕೊಳ್ಳೋ ಮುಂಚೆ ಅದನ್ನೂ ಯೋಚಿಸಿ.

ಇನ್ನು ಒಳಗಿರೋ ಪುಟ್ಟ ಡಬ್ಬಿ, ಎಎಡಿ. ನೀವು ಪ್ರಜ್ಞೆ ತಪ್ಪಿದ್ರೂ, ಮೈಮರೆತ್ರೂ ತಾನೇ ರಿಸರ್ವ್ ಬಿಚ್ಚತ್ತೆ. ಈಗ ಎಲ್ಲರ ಬಾಯಲ್ಲಿರೋ ಸೈಪ್ರೆಸ್ ಬಂದಿದ್ದು 1991ರಲ್ಲಿ. ಅನುಭವಸ್ಥರ ಮಾದರಿ ಕೆಲಸ ಮಾಡೋದು ಸುಮಾರು 750 ಅಡಿಯಲ್ಲಿ, ಅದೂ ಸೆಕೆಂಡಿಗೆ 35 ಮೀಟರ್ ದಾಟಿ ಬೀಳ್ತಿದ್ರೆ ಮಾತ್ರ. ಈ "ಮಾತ್ರ" ನೆನಪಿಡಿ, ಮುಂದಿನ ಫೋಟೋದಲ್ಲಿ ಬೇಕು.

ಇದೇ ಬೂತ್ ಹೇಳಿದ ಇನ್ನೊಂದು ಮಾತು ಡ್ರಾಪ್‌ಝೋನ್‌ಗಳಲ್ಲಿ ಗಾದೆ ಥರ ಓಡಾಡತ್ತೆ. ಗಿಯರ್ ಎಷ್ಟು ಸುರಕ್ಷಿತ ಆದ್ರೂ, ಜಿಗಿಯೋರು ಅಷ್ಟೇ ಜಾಸ್ತಿ ಅಪಾಯ ಮೈಮೇಲೆ ಎಳ್ಕೊಂಡು ಲೆಕ್ಕ ಸಮ ಮಾಡ್ತಾರೆ ಅನ್ನೋದು ಅದರ ಸಾರ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಲೆಕ್ಕ ಸಮ ಆಗಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಜನ ಸಾಯ್ತಿದ್ರು. 2023ರಲ್ಲಿ ಸುಮಾರು 36.5 ಲಕ್ಷ ಜಂಪ್ ನಡೆದು ಸತ್ತವರು 10. ಗಿಯರ್ ಗೆದ್ದಿದೆ. ಆದ್ರೆ ಬೂತ್ ಮನುಷ್ಯನ ಬುದ್ಧಿ ಬಗ್ಗೆ ಹೇಳಿದ್ದು ಸರಿ. ಹಿಂದೆ ಪ್ಯಾರಾಚೂಟ್ ಬಿಚ್ಚದೆ ಸಾಯ್ತಿದ್ರು. ಈಗ ಚೆನ್ನಾಗಿ ಅರಳಿದ, ಒಂದು ದಾರವೂ ಕೆಡದ ಕ್ಯಾನಪಿ ಕೆಳಗೆ ಸಾಯೋರಿದ್ದಾರೆ. ಅದೂ ಹೊಸಬರಿಗಿಂತ ಜಾಸ್ತಿ, ನನಗೆ ಗೊತ್ತು ಅನ್ನೋರು.

ಫೋಟೋ 4

ಸ್ಕ್ರೀನ್‌ಶಾಟ್. ಹೆಸರು, ಡಿಪಿ ಎಲ್ಲ ಮುಚ್ಚಿದ್ದೀನಿ.

ನಮ್ಮ ಬ್ಯಾಚಿನವನು. 38 ಜಂಪ್ ಆಗಿದೆ. ಯಾರೋ 135 ಚದರ ಅಡಿಯ ಕ್ಯಾನಪಿ ಇರೋ ಸೆಕೆಂಡ್ ಹ್ಯಾಂಡ್ ರಿಗ್ ಅಗ್ಗಕ್ಕೆ ಮಾರ್ತಿದ್ದಾರೆ, ತಗೋತೀನಿ, ಜೊತೆಗೆ ಹೆಲ್ಮೆಟ್ ಕ್ಯಾಮೆರಾ ಮೌಂಟ್ ಫ್ರೀ, "ಏನಂತೀಯ ಗುರು" ಅಂತ ಕೇಳಿದ. ನಾನು ಬೇಡ ಅಂದೆ. "ನಿಧಾನಕ್ಕೆ ಹಾರಿಸ್ತೀನಿ, ಅಭ್ಯಾಸ ಆಗತ್ತೆ" ಅಂದ. ಬೇಡ ಅಂದೆ. "ನಿನಗೆ ಭಯ ಜಾಸ್ತಿ" ಅಂದ. ಅಲ್ಲಿಂದ ಜಗಳ.

ಲೆಕ್ಕ ನೋಡ್ರಪ್ಪ, ನೀವೇ ಹೇಳಿ. ಅವನ ತೂಕ 78 ಕೆ.ಜಿ. ಗಿಯರ್ ಸೇರಿಸಿ 90, ಅಂದ್ರೆ 198 ಪೌಂಡ್. ಈ ಆಟದಲ್ಲಿ ಪೌಂಡನ್ನ ಚದರ ಅಡಿಯಿಂದ ಭಾಗಿಸ್ತಾರೆ, ವಿಂಗ್ ಲೋಡಿಂಗ್ ಅಂತಾರೆ. 198 ಭಾಗಿಸು 135, ಹತ್ತಿರ ಹತ್ತಿರ 1.5. ಕಲಿಯೋರು 1.0ರ ಒಳಗಿರಬೇಕು ಅನ್ನೋದು ಮಾಮೂಲಿ ಲೆಕ್ಕ. ಅವನಿಗೆ 200ರ ಮೇಲಿನ ಕ್ಯಾನಪಿ ಸರಿ. ನನಗೆ ಗಿಯರ್ ಸೇರಿ 69 ಕೆ.ಜಿ., ನಾನು ಹಾರಿಸೋದು 170. ಅವನ ಅರ್ಧ ಅನುಭವಕ್ಕೆ ಎರಡರಷ್ಟು ಗತ್ತು!

ಕ್ಯಾನಪಿ ಚಿಕ್ಕದಾದಷ್ಟೂ ಎಲ್ಲಾ ಬೇಗ ಆಗತ್ತೆ. ಮುಂದಕ್ಕೆ ಓಡೋದು, ಇಳಿಯೋದು, ತಿರುಗೋದು. "ನಿಧಾನಕ್ಕೆ ಹಾರಿಸ್ತೀನಿ" ಅನ್ನೋ ಆಯ್ಕೆಯೇ ಅದರಲ್ಲಿಲ್ಲ. ಸಾಯೋ ರೀತಿ ಹೆಚ್ಚುಕಮ್ಮಿ ಹೀಗೆ: ಇಳಿಯೋಕೆ ಹೊರಟ ಕಡೆ ಇನ್ನೊಬ್ಬ ಅಡ್ಡ ಬರ್ತಾನೆ, ಇಲ್ಲಾ ಗಾಳಿ ದಿಕ್ಕು ತಪ್ಪಾಗಿದೆ ಅಂತ ಕೊನೇ ಕ್ಷಣದಲ್ಲಿ ಗೊತ್ತಾಗತ್ತೆ. ಗಾಬರಿಯಲ್ಲಿ ಒಂದು ಕಡೆ ಟಾಗಲ್ ಜೋರಾಗಿ ಎಳೀತಾರೆ. ಕ್ಯಾನಪಿ ಓರೆಯಾಗಿ ಮೂಗು ಕೆಳಗೆ ಮಾಡಿ ಧುಮುಕತ್ತೆ. ನೂರು ಅಡಿಯಲ್ಲಿ ಹಾಗಾದ್ರೆ ಸರಿಮಾಡ್ಕೊಳ್ಳೋಕೆ ಎತ್ತರವೇ ಇಲ್ಲ. ಈಗ ಆ "ಮಾತ್ರ" ನೆನಪು ಮಾಡ್ಕೊಳ್ಳಿ. ಕ್ಯಾನಪಿ ತೆರೆದಿದೆ, ಎಎಡಿ ಕಾಯ್ತಿರೋ ವೇಗ ಇಲ್ಲ, ಎತ್ತರವೂ ದಾಟಿ ಹೋಗಿದೆ. ಡಬ್ಬಿ ಸುಮ್ಮನಿರತ್ತೆ. ನೀವು ಕೊಟ್ಟ ದುಡ್ಡಿನಲ್ಲಿ ಈ ತಪ್ಪಿಗೆ ವಿಮೆ ಮಾಡಿಸಿರೋ ಒಂದೇ ಒಂದು ಸಾಮಾನು ಬೆನ್ನ ಮೇಲಿಲ್ಲ.

ಇದಕ್ಕೆ ಮದ್ದು ಅಂದ್ರೆ ಪೂರ್ತಿ ತಿರುಗದೆ ಸ್ವಲ್ಪವೇ ಓರೆಯಾಗಿ ಸರಿಯೋದನ್ನ, ತಪ್ಪು ದಿಕ್ಕಲ್ಲಿದ್ರೂ ನೇರ ಇಳಿದು ಮೊಣಕಾಲು ಮಡಚಿ ಉರುಳೋದನ್ನ ಅಭ್ಯಾಸ ಮಾಡೋದು. ಗಾಳಿ ಹಿಂದಿನಿಂದ ಇದ್ರೂ ನೇರ ಇಳಿದವನು ಪ್ಯಾಂಟ್ ಹರ್ಕೊಂಡು ಎದ್ದು ಬರ್ತಾನೆ. ಕ್ಯಾನಪಿ ಕೋರ್ಸ್ ಅಂತಾನೇ ಇರತ್ತೆ, ಎರಡು ದಿನ, ಫ್ರೀಫಾಲ್ ಇಲ್ಲ, ಬರೀ ಹಾರಿಸೋದು, ಇಳಿಯೋದು. ಫೋಟೋ ಚೆನ್ನಾಗಿ ಬರಲ್ಲ, ಅದಕ್ಕೇ ಯಾರೂ ಸೇರಲ್ಲ ಅನ್ನಿಸತ್ತೆ. ನನ್ನ ಪ್ರಕಾರ ಆ ಅಗ್ಗದ ರಿಗ್‌ಗಿಂತ ಅದಕ್ಕೆ ದುಡ್ಡು ಹಾಕೋದು ವಾಸಿ.

ಸೆಕೆಂಡ್ ಹ್ಯಾಂಡ್ ತಗೋಬೇಡಿ ಅಂತ ಹೇಳ್ತಿಲ್ಲ, ನನ್ನದೂ ಅದೇ. ಆದ್ರೆ ದುಡ್ಡು ಕೊಡೋ ಮುಂಚೆ, ಮಾರೋನಿಗೆ ಸಂಬಂಧ ಇಲ್ಲದ ರಿಗ್ಗರ್ ಹತ್ರ ಬಿಚ್ಚಿಸಿ ನೋಡಿಸಿ. ಎಎಡಿಗೂ ಆಯಸ್ಸಿದೆ, ತಯಾರಾದ ದಿನಾಂಕ ನೋಡಿ. ಹಾರ್ನೆಸ್ ನಿಮ್ಮ ಮೈಗೆ ಕೂರಬೇಕು, ಅಣ್ಣನ ಶರ್ಟ್ ಹಾಕ್ಕೊಂಡ ಹಾಗೆ ಜೋಲಾಡಿದ್ರೆ ಬೇಕಾದ ಹೊತ್ತಿಗೆ ಹ್ಯಾಂಡಲ್ ಬೇಕಾದ ಜಾಗದಲ್ಲಿ ಇರಲ್ಲ.

ಫೋಟೋ 5

ಇದು ನಾನಲ್ಲ, ನೀವೇ ನನಗೆ ಇಪ್ಪತ್ತು ಸಲ ಫಾರ್ವರ್ಡ್ ಮಾಡಿದ ಸುದ್ದಿಯ ಚಿತ್ರ. ಅಕ್ಟೋಬರ್ 2025ರಲ್ಲಿ ನಮ್ಮ ದೇಶದ್ದೇ ಪ್ಯಾರಾಚೂಟ್ ಕಟ್ಕೊಂಡು ಮೂವರು 32,000 ಅಡಿಯಿಂದ ಜಿಗಿದ್ರು. ಡಿಆರ್‌ಡಿಒದ ಎರಡು ಲ್ಯಾಬ್ ಸೇರಿ ಮಾಡಿದ್ದು, ಆಗ್ರಾದ ಎಡಿಆರ್‌ಡಿಇ ಮತ್ತು ನಮ್ಮ ಬೆಂಗಳೂರಿನ ಡೆಬೆಲ್. ಹೆಮ್ಮೆ ನನಗೂ ಇದೆ. ಆದ್ರೆ ಅದರ ಕೆಳಗೆ "ನೀನು ಯಾವಾಗ" ಅಂತ ಬರೆದವರಿಗೆ ಒಂದು ಮಾತು. ಆ ಮೂವರು ವರ್ಷಗಟ್ಟಲೆ ಇದನ್ನೇ ಉಸಿರಾಡಿದ ಸೈನಿಕರು. ರೀಲ್‌ನಲ್ಲಿ ಕಾಣೋದು ಕೊನೆಯ ಒಂದು ನಿಮಿಷ ಮಾತ್ರ.

ಅಂಥವರನ್ನೂ ಆಕಾಶ ಬಿಟ್ಟಿಲ್ಲ. ಫೆಬ್ರವರಿ 2025ರಲ್ಲಿ ಆಗ್ರಾದಲ್ಲಿ ತರಬೇತಿ ಜಂಪ್ ವೇಳೆ ಪ್ಯಾರಾಚೂಟ್ ತೆರೆಯದೆ ತೀರಿಹೋದ ವಾಯುಸೇನೆಯ ತರಬೇತುದಾರ ಮಂಜುನಾಥ್ ನಮ್ಮ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನವರು. ಬೇರೆಯವರಿಗೆ ಕಲಿಸ್ತಿದ್ದವರು. ಆ ಸುದ್ದಿ ಬಂದ ದಿನ ಅಮ್ಮ ನನ್ನ ರಿಗ್ ಬ್ಯಾಗನ್ನ ಅಟ್ಟಕ್ಕೆ ಹಾಕಿದ್ರು. ನಾನು ಒಂದು ವಾರ ಕೆಳಗೆ ಇಳಿಸಲಿಲ್ಲ, ಅಮ್ಮನಿಗೆ ಏನು ಹೇಳ್ಬೇಕು ಅಂತಲೂ ತೋಚಲಿಲ್ಲ. ಎಲ್ಲಾ ಸರಿಯಾಗಿ ಮಾಡಿದವರಿಗೂ ಉಳಿಯೋ ಒಂದಿಷ್ಟು ಅಪಾಯ ಇದ್ದೇ ಇದೆ. ಅದನ್ನ ಒಪ್ಕೊಂಡೇ ಜಿಗೀತೀನಿ. ಅದರ ಮೇಲೆ ಆತುರದ ಅಪಾಯವನ್ನ ಯಾಕೆ ಹೊರಿಸ್ಕೊಳ್ಳಲಿ?

ಒಂದ್ಸಲ ಟ್ಯಾಂಡಮ್ ಮಾತ್ರ ಮಾಡ್ತೀವಿ ಅಂತ ಕೇಳಿದವರಿಗೆ ಚಿಕ್ಕದಾಗಿ ಹೇಳ್ತೀನಿ. ಇನ್‌ಸ್ಟ್ರಕ್ಟರ್ ಹತ್ರ ಟ್ಯಾಂಡಮ್ ರೇಟಿಂಗ್ ಇದೆಯಾ, ರಿಸರ್ವ್ ಯಾವಾಗ ಕಟ್ಟಿದ್ದು, ಎಎಡಿ ಆನ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಕೇಂದ್ರ ಸರ್ಕಾರ 2022ರಲ್ಲಿ ವಾಯುಕ್ರೀಡೆ ನೀತಿ ತಂದಿದೆ, ಅದರಲ್ಲಿ ಪ್ಯಾರಾಚೂಟ್ ಜಿಗಿತವೂ ಸೇರಿದೆ, ಆದ್ರೆ ವಿಮಾನದ ಬಾಗಿಲಲ್ಲಿ ನಿಂತಾಗ ನೀತಿ ಬಂದು ನಿಮ್ಮ ಬಕಲ್ ಮುಟ್ಟಿ ನೋಡಲ್ಲ. ತೂಕ ಸುಳ್ಳು ಹೇಳ್ಬೇಡಿ. ಇಳಿಯುವಾಗ ಕಾಲು ಮೇಲೆತ್ತಿ ಅಂದ್ರೆ ಎತ್ತಿ, ಕಾಲು ಮುರಿಯೋದು ಅಲ್ಲೇ. ಪ್ರಶ್ನೆ ಕೇಳಿದ್ದಕ್ಕೆ ಯಾರಾದ್ರೂ ಮುಖ ಸಿಂಡರಿಸಿದ್ರೆ ಅಡ್ವಾನ್ಸ್ ಹೋದ್ರೆ ಹೋಗ್ಲಿ, ಮನೆಗೆ ಬನ್ನಿ.

ಡಿಸೆಂಬರ್‌ನಲ್ಲಿ ಎರಡು ವಾರ ರಜೆ ಸಿಕ್ಕಿದೆ. ಹವಾ ಚೆನ್ನಾಗಿದ್ರೆ 40 ಜಂಪ್ ಆಗಬಹುದು, ಆಗಲೂ 183. ಕ್ಯಾಮೆರಾ ಬೀರುವಿನಲ್ಲೇ.

ಅವನಿಗೆ ನಿನ್ನೆ ರಾತ್ರಿ 210ರ ಬಾಡಿಗೆ ರಿಗ್ ವಿವರ, ಕ್ಯಾನಪಿ ಕೋರ್ಸ್ ತಾರೀಕು ಎರಡೂ ಕಳಿಸಿದ್ದೀನಿ. ನಾನೂ ಅದೇ ಕೋರ್ಸ್‌ಗೆ ಸೇರ್ತೀನಿ, ಒಟ್ಟಿಗೆ ಹೋಗೋಣ ಕಣೋ ಅಂತ ಬರ್ದಿದ್ದೀನಿ. ನೀಲಿ ಟಿಕ್ ಬಿದ್ದಿದೆ. ಉತ್ತರ ಬಂದಿಲ್ಲ.

#ಕುಮಾರಪಾರ್ಕ್ #ಸ್ಕೈಡೈವಿಂಗ್ #200ಆಗ್ಲಿ