ಮೊದಲು ಬೀರು ತೆಗೀರಿ, ಆಮೇಲೆ ಪ್ಲೇಯರ್ ತಗೊಳ್ಳಿ

ಇಂಜಿನಿಯರಿಂಗ್ ಸೇರಿದ ಕೂಡಲೇ ಮನೇಲಿ ನಮಗೊಂದು ಬಡ್ತಿ ಸಿಗುತ್ತೆ. ಮಿಕ್ಸಿಯಿಂದ ಟಿವಿವರೆಗೆ ಏನೇ ಕೆಟ್ಟರೂ ನಮ್ಮನ್ನೇ ಕೇಳ್ತಾರೆ. ಓದ್ತಿರೋದು ಸಿವಿಲ್ ಅಂದ್ರೂ ಬಿಡಲ್ಲ. ಈ ಸಲ ರಜೆಗೆ ಊರಿಗೆ ಹೋಗಿ ಬಂದ ನಮ್ಮಲ್ಲಿ ಹಲವರಿಗೆ ಎದುರಾಗಿದ್ದು ಒಂದೇ ಪ್ರಶ್ನೆ: ಹಳೇ ಪ್ಲೇಯರ್ ಕೈಕೊಟ್ಟಿದೆ, ಬೀರು ತುಂಬ ರಾಜ್‌ಕುಮಾರ್, ವಿಷ್ಣುವರ್ಧನ್ ಸಿನಿಮಾ ಇವೆ, ಕಡಿಮೆ ದುಡ್ಡಲ್ಲಿ ಯಾವ ಪ್ಲೇಯರ್ ತರೋಣ?

"ಈಗ್ಯಾರಮ್ಮ ಡಿಸ್ಕ್ ನೋಡ್ತಾರೆ, ಫೋನಲ್ಲೇ ನೋಡು" ಅಂತ ಹೇಳಿ ಜಾರಿಕೊಳ್ಳೋದು ಸುಲಭ. ಆದರೆ ಅದು ಉತ್ತರ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಒಟಿಟಿಯಲ್ಲಿ ಒಂದು ಸಿನಿಮಾ ಇರೋದು ಹಕ್ಕಿನ ಒಪ್ಪಂದ ಇರೋ ತನಕ ಮಾತ್ರ. ಒಪ್ಪಂದ ಮುಗಿದರೆ ಸಿನಿಮಾನೂ ಮಾಯ. 'ಕಸ್ತೂರಿ ನಿವಾಸ' 1971ರಲ್ಲಿ ತೆರೆಗೆ ಬಂದಿದ್ದು ಕಪ್ಪು-ಬಿಳುಪಿನಲ್ಲಿ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣದ್ದನ್ನೂ ನೋಡೋಣ, ಬೇಡ ಅನ್ನಲ್ಲ. ಆದರೆ ಅಪ್ಪ-ಅಮ್ಮ ಕೊಂಡಿಟ್ಟ ಡಿಸ್ಕಿನಲ್ಲಿ ಯಾವ ರೂಪ ಇದೆಯೋ ಅದನ್ನ ಯಾವ ಕಂಪನಿಯೂ ದೂರದಿಂದ ಬದಲಾಯಿಸೋಕೆ ಆಗಲ್ಲ. ಅದು ಮನೆಯ ಸ್ವತ್ತು.

ಅದಕ್ಕೇ ಪ್ಲೇಯರ್ ಆರಿಸೋ ಕೆಲಸ ಅಂಗಡಿಯಿಂದಲ್ಲ, ಬೀರುವಿನಿಂದ ಶುರುವಾಗಬೇಕು. ಇರೋ ಡಿಸ್ಕ್‌ಗಳನ್ನೆಲ್ಲ ಹೊರಗೆ ತೆಗೆದು ವಿಸಿಡಿ ಎಷ್ಟು, ಡಿವಿಡಿ ಎಷ್ಟು, ಬ್ಲೂ-ರೇ ಎಷ್ಟು ಅಂತ ಎಣಿಸಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ವಿಸಿಡಿ ರಾಶಿಯೇ ದೊಡ್ಡದಿರುತ್ತೆ. ಒಂದು ವಿಸಿಡಿಯಲ್ಲಿ ಹಿಡಿಸೋದು ಸುಮಾರು 74 ನಿಮಿಷ. ಒಂದೇ ಸಿನಿಮಾ ಎರಡು ಮೂರು ಡಿಸ್ಕ್‌ಗೆ ಹರಡಿರೋದು, ಇಂಟರ್ವಲ್ ಹೊತ್ತಿಗೆ ಯಾರಾದರೂ ಎದ್ದು ಡಿಸ್ಕ್ ಬದಲಾಯಿಸಬೇಕಾಗಿ ಬರ್ತಿದ್ದುದು ಅದಕ್ಕೇ.

ಮೋಸ ಹೋಗೋದು ಇಲ್ಲೇ. ದುಬಾರಿ ಯಂತ್ರ ತಂದರೆ ಎಲ್ಲವನ್ನೂ ಓದುತ್ತೆ ಅಂದುಕೊಳ್ತೀವಿ. ಹಾಗೇನಿಲ್ಲ. ಸಿಡಿ, ವಿಸಿಡಿ ಓದೋಕೆ ಬೇಕಾಗಿರೋದು 780 ನ್ಯಾನೋಮೀಟರ್ ಲೇಸರ್, ಡಿವಿಡಿಗೆ 650, ಬ್ಲೂ-ರೇಗೆ 405. ಮೂರನ್ನೂ ಓದಬೇಕಾದರೆ ಯಂತ್ರದೊಳಗೆ ಮೂರಕ್ಕೂ ವ್ಯವಸ್ಥೆ ಇರಬೇಕು. ಡಿಸ್ಕ್ ಡ್ರೈವ್ ಇರೋ ಪ್ಲೇಸ್ಟೇಷನ್ 5ರಲ್ಲಿ 4ಕೆ ಬ್ಲೂ-ರೇ ಓಡುತ್ತೆ, ಡಿವಿಡಿನೂ ಓಡುತ್ತೆ, ಸಿಡಿ ಓಡಲ್ಲ. ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರೂ ಬಾಯಿಬಿಟ್ಟು ನೋಡೋ ಯಂತ್ರ ನಮ್ಮಜ್ಜಿಯ ವಿಸಿಡಿ ಮುಂದೆ ಸುಮ್ಮನೆ ಕೂರುತ್ತೆ! ಕೆಲವು ಬ್ಲೂ-ರೇ ಪ್ಲೇಯರ್‌ಗಳೂ ಆಡಿಯೋ ಸಿಡಿ ಓದ್ತವೆ, ವಿಸಿಡಿ ಓದಲ್ಲ. ಆದ್ದರಿಂದ ಡಬ್ಬದ ಮೇಲೆ ವಿಸಿಡಿ ಅಂತ ಬರೆದಿದೆಯಾ ಅಂತ ಮೊದಲು ನೋಡಿ.

ಎರಡನೇದು 'ಅಪ್‌ಸ್ಕೇಲಿಂಗ್' ಅನ್ನೋ ಮಂತ್ರ. ನಮ್ಮ ದೇಶದ ವಿಸಿಡಿಯ ಚಿತ್ರ 352x288, ಡಿವಿಡಿಯದು 720x576, ಬ್ಲೂ-ರೇಯದು 1920x1080. ಗುಣಾಕಾರ ಮಾಡಿ ನೋಡಿ: ಬ್ಲೂ-ರೇಯಲ್ಲಿ ಡಿವಿಡಿಯ ಐದು ಪಟ್ಟು, ವಿಸಿಡಿಯ ಸುಮಾರು ಇಪ್ಪತ್ತು ಪಟ್ಟು ಪಿಕ್ಸೆಲ್ ಇವೆ. 4ಕೆ ಟಿವಿಯಲ್ಲಿ ವಿಸಿಡಿ ಹಾಕಿದರೆ ಒಂದು ಪಿಕ್ಸೆಲ್ ಸುಮಾರು 80 ಪಿಕ್ಸೆಲ್ ಜಾಗ ತುಂಬಬೇಕು. ಡಿಸ್ಕಿನಲ್ಲೇ ಇಲ್ಲದ ವಿವರವನ್ನ ಯಾವ ಚಿಪ್ಪೂ ಎಲ್ಲಿಂದಲೋ ತರಲ್ಲ, ಅಂಚು ನುಣುಪು ಮಾಡುತ್ತೆ ಅಷ್ಟೇ. ಆ ಕೆಲಸ ಟಿವಿನೂ ಮಾಡುತ್ತೆ. ಅದಕ್ಕಂತ ಬೇರೆ ದುಡ್ಡು ಕೊಡಬೇಡಿ.

ಹಾಗಾದರೆ ಯಾವುದಕ್ಕೆ ಗಮನ ಕೊಡಬೇಕು? ಗೀರು ಬಿದ್ದ ಡಿಸ್ಕನ್ನ ಓದೋ ತಾಕತ್ತಿಗೆ. ಇದನ್ನ ಇಸಿ, ಸಿಎಸ್‌ನವರು ಚೆನ್ನಾಗಿ ಅರ್ಥ ಮಾಡ್ಕೋತೀರಿ. ಸಿಡಿಯಲ್ಲಿ ಡೇಟಾ ಕಾಪಾಡೋದು ರೀಡ್-ಸಾಲೊಮನ್ ಕೋಡ್. ಡೇಟಾ ಸಿಡಿಯಲ್ಲಿ ಅದರ ಮೇಲೆ ಇನ್ನೊಂದು ಪದರದ ತಪ್ಪು ತಿದ್ದುವಿಕೆ ಇರುತ್ತೆ. ವಿಸಿಡಿಯ ವಿಡಿಯೋ ಭಾಗದಲ್ಲಿ ಜಾಗ ಉಳಿಸೋಕೆ ಆ ಹೆಚ್ಚುವರಿ ಪದರ ಬಿಟ್ಟಿದ್ದಾರೆ. ಹಾಗಾಗಿ ಗೀರು ಬಿದ್ದ ವಿಸಿಡಿ ಬೇಗ ತಡವರಿಸುತ್ತೆ. ಅಂಗಡಿಗೆ ಹೋಗುವಾಗ ಮನೆಯ ಅತಿ ಹಾಳಾದ ಡಿಸ್ಕ್ ಒಂದನ್ನ ಜೊತೆಗೆ ತಗೊಂಡು ಹೋಗಿ ಹಾಕಿಸಿ ನೋಡಿ. ಅಂಗಡಿಯವರ ಡೆಮೋ ಡಿಸ್ಕ್ ಎಲ್ಲ ಪ್ಲೇಯರ್‌ನಲ್ಲೂ ಚೆನ್ನಾಗೇ ಓಡುತ್ತೆ. ಡಿಸ್ಕ್ ಒರೆಸುವಾಗ ಸುತ್ತಿಸಬೇಡಿ, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ವಿಸಿಡಿಯಲ್ಲಿ ಡೇಟಾ ಇರೋದು ಚಿತ್ರ ಮುದ್ರಿಸಿರೋ ಬದಿಯ ಹತ್ತಿರ. ಆ ಬದಿಗೂ ಗೀರು ಬೀಳದ ಹಾಗೆ ನೋಡಿಕೊಳ್ಳಿ.

ಇನ್ನು ವೈರು. ಹಳೇ ಟಿವಿಗೆ ಹಳದಿ-ಕೆಂಪು-ಬಿಳಿ ಎವಿ ಪಿನ್ ಬೇಕು, ಹೊಸದಕ್ಕೆ ಎಚ್‌ಡಿಎಂಐ. ಎರಡೂ ಇರೋ ಪ್ಲೇಯರ್ ತಗೊಂಡರೆ ನಾಳೆ ಟಿವಿ ಬದಲಾದರೂ ತಲೆನೋವಿಲ್ಲ. ಹಳೇ ಸಿನಿಮಾ ಹಾಕಿದಾಗ ಅಣ್ಣಾವ್ರ ಮುಖ ಅಗಲ ಕಂಡರೆ ಅದು ಪ್ಲೇಯರ್ ದೋಷ ಅಲ್ಲ, 4:3 ಚಿತ್ರವನ್ನ 16:9ಕ್ಕೆ ಎಳೆದಿರೋದು. ಸೆಟ್ಟಿಂಗ್ಸ್‌ನಲ್ಲಿ ಒಂದು ನಿಮಿಷದ ಕೆಲಸ. ಅಮೆರಿಕದಿಂದ ಬರೋ ಭಾವನೋ ಚಿಕ್ಕಪ್ಪನೋ "ಅಲ್ಲಿಂದ ತರ್ತೀನಿ" ಅಂದರೆ ಸ್ವಲ್ಪ ತಡೀರಿ. ಡಿವಿಡಿಗೆ ಅಲ್ಲಿನ ರೀಜನ್ 1, ನಮ್ಮದು 5. ಬ್ಲೂ-ರೇಗೆ ಅಲ್ಲಿ ಎ, ಇಲ್ಲಿ ಸಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230.

ಬ್ಲೂ-ರೇ ಬೇಡವೇ ಬೇಡ ಅಂತ ನಾವು ಹೇಳ್ತಿಲ್ಲ. 35 ಎಂಎಂ ಫಿಲ್ಮ್‌ನಲ್ಲಿರೋ ವಿವರ ಡಿವಿಡಿಗಿಂತ ಎಷ್ಟೋ ಹೆಚ್ಚು. ಒಳ್ಳೇ ಪ್ರತಿಯಿಂದ ಮಾಡಿದ ಬ್ಲೂ-ರೇ ನೋಡಿದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಬ್ಲೂ-ರೇ ಡಿಸ್ಕ್ ಕೊಳ್ತಾ ಇರ್ತೀವಿ ಅನ್ನೋರು ಅದನ್ನೇ ತಗೊಳ್ಳಲಿ. ಒಂದೂ ಇಲ್ಲದ ಮನೆಗೆ ಅದು ಬರೀ ಪ್ರತಿಷ್ಠೆ.

ನಮ್ಮ ತೀರ್ಮಾನ ಇಷ್ಟು: ಹೆಚ್ಚಿನ ಮನೆಗಳಿಗೆ ವಿಸಿಡಿ, ಡಿವಿಡಿ ಎರಡನ್ನೂ ಓದೋ, ಎವಿ, ಎಚ್‌ಡಿಎಂಐ, ಯುಎಸ್‌ಬಿ ಇರೋ ಸಾಧಾರಣ ಡಿವಿಡಿ ಪ್ಲೇಯರ್ ಸಾಕು. ಊರಿನ ರಿಪೇರಿ ಅಂಗಡಿಯವರಿಗೆ ಕೈಹಾಕೋಕೆ ಬರೋ ಮಾಡೆಲ್ ಆದರೆ ಇನ್ನೂ ಒಳ್ಳೇದು, ಯಾಕಂದ್ರೆ ಮೊದಲು ಸವೆಯೋದು ಲೇಸರ್ ಹೆಡ್ಡು. ಅಷ್ಟೂ ಖರ್ಚು ಬೇಡ ಅಂದರೆ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗಿಸಿ, ವಿಎಲ್‌ಸಿಯಲ್ಲಿ ಹಾಕಿ, ಎಚ್‌ಡಿಎಂಐ ವೈರಿನಿಂದ ಟಿವಿಗೆ ಕೊಡಿ.

ಆದರೆ ತಡ ಮಾಡಬೇಡಿ. ಒಪ್ಪೋ 2018ರಲ್ಲೇ ಡಿಸ್ಕ್ ಪ್ಲೇಯರ್ ಮಾಡೋದು ನಿಲ್ಲಿಸಿತು, ಆಮೇಲೆ ಬೇರೆ ದೊಡ್ಡ ಕಂಪನಿಗಳೂ ಹಿಂದೆ ಸರಿದವು. ಡಿಸ್ಕ್ ಹಾಳಾಗೋದಕ್ಕಿಂತ ಮುಂಚೆ ಅದನ್ನ ಓದೋ ಯಂತ್ರವೇ ಸಿಗದ ದಿನ ಬರಬಹುದು. ಮುಂದಿನ ರಜೆಗೆ ಹೋದಾಗ ಬೀರು ತೆಗೆದು ಎಣಿಸಿ. ನಿಮ್ಮ ಮನೆಯಲ್ಲಿ ಎಲ್ಲೂ ಸಿಗದ ಕನ್ನಡ ಸಿನಿಮಾ ಡಿಸ್ಕ್ ಇದ್ದರೆ ಸಂಘಕ್ಕೂ ತಿಳಿಸಿ. ಒಂದು ಶನಿವಾರ ಸಂಜೆ ಎಲ್ಲರೂ ಕೂತು ನೋಡೋಣ.