ಅಂಗಿಯ ಮೇಲಿನ ಹಾಡುಗಾರ

ಯಲಹಂಕ ಉಪನಗರದಿಂದ ಹೆಬ್ಬಾಳದ ಮೇಲುಸೇತುವೆಯವರೆಗೆ ಸಂಜೆಯ ಹೊತ್ತು ಬಸ್ಸಿನಲ್ಲಿ ಬರುವವರಿಗೆ ಒಂದು ಮುಖ ಎಲ್ಲಾದರೂ ಕಣ್ಣಿಗೆ ಬೀಳದೆ ಇರದು. ಜಟೆಗಟ್ಟಿದ ಕೂದಲು, ಅರೆಮುಚ್ಚಿದ ಕಣ್ಣು, ಹಿಂದೆ ಹಸುರು, ಹಳದಿ, ಕೆಂಪು ಬಣ್ಣಗಳ ಪಟ್ಟೆ. ಕಾಲೇಜು ತರುಣರ ಅಂಗಿಯ ಎದೆಯ ಮೇಲೆ ಅದೇ ಮುಖ, ಆಟೋರಿಕ್ಷಾದ ಬೆನ್ನ ಮೇಲೆ ಅದೇ ಮುಖ, ಆರ್.ಟಿ. ನಗರದ ಕಡೆ ಕ್ಷೌರದಂಗಡಿಯ ಗಾಜಿನ ಮೇಲೂ ಅದೇ ಮುಖ. ಕೂದಲಿಗೆ ಕತ್ತರಿ ತಾಗಿಸುವುದನ್ನೇ ಒಲ್ಲದ ಮತದವರಿಗೆ ಕ್ಷೌರದಂಗಡಿಯಲ್ಲಿ ಸಂದ ಈ ಸನ್ಮಾನವನ್ನು ಕಂಡು ನಗು ಬಂದರೆ ತಪ್ಪೇನಿಲ್ಲ. ‘ಇವರು ಯಾರಪ್ಪ?’ ಎಂದು ಕೇಳಿದರೆ, ‘ಬಾಬ್ ಮಾರ್ಲೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ‘ಏನನ್ನು ಹಾಡಿದರು? ಯಾರಿಗಾಗಿ ಹಾಡಿದರು?’ ಎಂದು ಮುಂದುವರಿಸಿದರೆ ಮಾತ್ರ ಉತ್ತರ ತಡವರಿಸುತ್ತದೆ.

ಮನೆಯ ಹಿರಿಯರಿಗಂತೂ ಆ ಚಿತ್ರವನ್ನು ಕಂಡರೆ ದಿಗಿಲು. ಮಗನ ಅಂಗಿಯ ಮೇಲೆ ಈ ಜಟಾಧಾರಿ ಕಾಣಿಸಿಕೊಂಡನೆಂದರೆ ಹಿಂದೆಯೇ ಗಾಂಜಾದ ಹೊಗೆಯೂ ಬಂದೀತೆಂಬ ಶಂಕೆ. ಈ ಶಂಕೆ ನಿರಾಧಾರವೆಂದು ಹೇಳಲಾರೆ. ಆದರೆ ಇದರಲ್ಲಿ ಒಂದು ವಿನೋದವೂ ಅಡಗಿದೆ. ಆ ಸೊಪ್ಪೂ ಅದರ ಹೆಸರೂ ಆ ದೂರದ ದ್ವೀಪಕ್ಕೆ ಹೋದದ್ದು ನಮ್ಮ ಭಾರತದಿಂದಲೇ. ೧೮೪೫ರಿಂದ ಮೊದಲುಗೊಂಡು ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಮೇಲೆ ಹಡಗು ಹತ್ತಿದ ಭಾರತೀಯ ಕೂಲಿಗಳು ಅದನ್ನು ಅಲ್ಲಿಗೆ ಒಯ್ದರು. ನಾವು ಕಳುಹಿಸಿದ ಹೊಗೆಯೇ ನೂರೆಪ್ಪತ್ತು ವರ್ಷಗಳ ಮೇಲೆ ಚಿತ್ರವಾಗಿ ನಮ್ಮ ಮನೆಗೆ ಮರಳಿದೆ ಎನ್ನೋಣ. ಹೊಗೆಯ ಮಾತು ಅಷ್ಟಕ್ಕೇ ಸಾಕು. ಹಾಡಿನ ಮಾತು ಬೇರೆ.

ಜಮೈಕಾ ನಮ್ಮ ತುಮಕೂರು ಜಿಲ್ಲೆಗಿಂತ ಕೊಂಚ ದೊಡ್ಡದಾದ ದ್ವೀಪ; ಜನಸಂಖ್ಯೆ ಮೂವತ್ತು ಲಕ್ಷದೊಳಗೆ. ಅಲ್ಲಿಯ ಬಹುಪಾಲು ಜನರ ಪೂರ್ವಿಕರನ್ನು ಆಫ್ರಿಕದಿಂದ ಸಂಕೋಲೆ ಹಾಕಿ ತಂದು ಕಬ್ಬಿನ ಗದ್ದೆಗಳಲ್ಲಿ ದುಡಿಸಿದರು. ೧೮೩೮ರಲ್ಲಿ ಗುಲಾಮಗಿರಿ ಪೂರ್ಣವಾಗಿ ತೊಲಗಿತು. ೧೯೬೨ರ ಆಗಸ್ಟ್ ೬ರಂದು ದೇಶವೂ ಸ್ವತಂತ್ರವಾಯಿತು. ಆದರೆ ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನಿನಂತಹ ಬಡವರ ಕೇರಿಗಳಿಗೆ ಸ್ವಾತಂತ್ರ್ಯದ ಸುದ್ದಿ ಬಂದಿತೇ ಹೊರತು ಅದರ ಫಲ ಬರಲಿಲ್ಲ. ಒಳ್ಳೆಯ ಸಭಾಂಗಣಗಳಿಗೆ ಪ್ರವೇಶವಿಲ್ಲದ ಆ ಜನ ಆಳೆತ್ತರದ ಧ್ವನಿವರ್ಧಕಗಳನ್ನು ಬೀದಿಗೆ ತಂದು ನಿಲ್ಲಿಸಿ ಅಲ್ಲಿಯೇ ಹಾಡಿ ಕುಣಿದರು. ಅಣ್ಣಮ್ಮನ ಉತ್ಸವಕ್ಕೂ ರಾಜ್ಯೋತ್ಸವಕ್ಕೂ ಬೀದಿಯಲ್ಲಿ ಆರ್ಕೆಸ್ಟ್ರಾ ಏರ್ಪಡಿಸುವ ನಮ್ಮೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂತಹ ಬೀದಿಯಲ್ಲಿ ಬೆಳೆದ ಸಂಗೀತಕ್ಕೆ ‘ರೆಗ್ಗೇ’ ಎಂಬ ಹೆಸರು ನಿಂತದ್ದು ೧೯೬೮ರಲ್ಲಿ. ಮೇಟಲ್ಸ್ ಎಂಬ ಮೇಳದವರು ಆ ವರ್ಷ ಹೊರತಂದ ಒಂದು ಧ್ವನಿಮುದ್ರಿಕೆಯಿಂದ.

ಈ ಸಂಗೀತದ ಗುಟ್ಟು ಅದರ ತಾಳದಲ್ಲಿದೆ. ನಾಲ್ಕೆಣಿಕೆಯ ಆವರ್ತದಲ್ಲಿ ಮೊದಲನೆಯ ಎಣಿಕೆಗೆ ಗಟ್ಟಿಯಾಗಿ ಪೆಟ್ಟು ಹಾಕುವುದು ಪಶ್ಚಿಮದ ಜನಪ್ರಿಯ ಸಂಗೀತದ ವಾಡಿಕೆ. ರೆಗ್ಗೇಯ ಹೆಸರಾಂತ ವಾದನಕ್ರಮದಲ್ಲಿ ಡ್ರಮ್ಮು ಆ ಮೊದಲ ಸ್ಥಾನವನ್ನೇ ಖಾಲಿ ಬಿಡುತ್ತದೆ. ಭಾರವೆಲ್ಲ ಮೂರನೆಯದರ ಮೇಲೆ. ಗಿಟಾರು ಎರಡು ಮತ್ತು ನಾಲ್ಕರ ಮೇಲೆ ಚುಟುಕಾಗಿ ಮಿಡಿದು ಸುಮ್ಮನಾಗುತ್ತದೆ. ತಾಳ ಹಾಕಿ ಹಾಡು ಕೇಳುವ ಅಭ್ಯಾಸವುಳ್ಳ ನಮ್ಮ ವಾಚಕರಿಗೆ ಇದು ತೀರ ಅಪರಿಚಿತವೇನಲ್ಲ. ಕರ್ನಾಟಕ ಸಂಗೀತದಲ್ಲಿ ಅನಾಗತ ಎಡುಪಿನ ಕೃತಿಯನ್ನು ಎತ್ತಿಕೊಳ್ಳುವಾಗ ಮೊದಲ ಪೆಟ್ಟನ್ನು ಹೋಗಗೊಟ್ಟು ಅನಂತರ ಸಾಹಿತ್ಯ ಹಿಡಿಯುವ ಸೊಗಸನ್ನು ಅವರು ಬಲ್ಲರು. ಎಲ್ಲರೂ ಕಾಲಿಡುವಲ್ಲಿ ಕಾಲಿಡದೆ ಎಲ್ಲರೂ ಮರೆತ ಸ್ಥಳದಲ್ಲಿ ಹೆಜ್ಜೆಯೂರುವುದು ಈ ತಾಳದ ಸ್ವಭಾವ. ಇದು ಹಾಡುವವರ ಬದುಕಿನ ಸ್ವಭಾವವೂ ಆಗಿದ್ದಿತು.

ಆ ಬದುಕಿನ ನಡುವೆ ರಾಸ್ತಾಫರಿ ಎಂಬ ಮತ ನಿಂತಿದೆ. ೧೯೩೦ರಲ್ಲಿ ಇಥಿಯೋಪಿಯದ ಸಿಂಹಾಸನವೇರಿದ ಹೈಲೆ ಸೆಲಾಸಿಯಲ್ಲಿ ಜಮೈಕದ ಕೆಲವು ಬಡವರು ದೇವರನ್ನು ಕಂಡರು. ಕಪ್ಪು ಮೈಯ ದೊರೆಯೊಬ್ಬನು ಜಗತ್ತಿನ ಮುಂದೆ ತಲೆಯೆತ್ತಿ ನಿಂತುದೇ ಅವರಿಗೆ ಸಾಕಾಗಿದ್ದಿತು. ಮರ್ಯಾದಸ್ಥರು ಅವರನ್ನು ಹುಚ್ಚರೆಂದರು. ಪೊಲೀಸರು ಹಿಡಿದು ಬಡಿದರು. ೧೯೬೩ರಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಘಟನೆಯ ಹಿಂದೆಯೇ ಸರಕಾರ ಅವರನ್ನು ಬೇಟೆಯಾಡಿತು. ಅದಕ್ಕಾಗಿ ಆ ದೇಶದ ಪ್ರಧಾನಮಂತ್ರಿಗಳು ಕ್ಷಮೆ ಬೇಡಿದ್ದು ೨೦೧೭ರಲ್ಲಿ! ದೇವರೆಂದು ಹೊಗಳಿಸಿಕೊಂಡ ಚಕ್ರವರ್ತಿಯನ್ನಾದರೋ ಅವನ ಸೈನ್ಯವೇ ೧೯೭೪ರಲ್ಲಿ ಗದ್ದುಗೆಯಿಂದಿಳಿಸಿತು. ನಂಬಿಕೆಯ ವಸ್ತು ನಿಲ್ಲಲಿಲ್ಲ. ಆದರೆ ‘ನಾವೂ ಮನುಷ್ಯರು, ನಮಗೂ ಒಂದು ಚರಿತ್ರೆಯುಂಟು’ ಎಂಬ ಅರಿವನ್ನು ಆ ನಂಬಿಕೆ ಕೊಟ್ಟಿತ್ತು. ಅದು ಮಾತ್ರ ನಿಂತಿತು.

೧೯೪೫ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿ ಟ್ರೆಂಚ್‌ಟೌನಿನಲ್ಲಿ ಬೆಳೆದ ಬಾಬ್ ಮಾರ್ಲೆಯವರು ಪೀಟರ್ ಟಾಷ್ ಮತ್ತು ಬನಿ ವೇಲರ್ ಅವರೊಡನೆ ಕಟ್ಟಿದ ಮೇಳ ಈ ಅರಿವನ್ನು ಲೋಕಕ್ಕೆಲ್ಲ ಕೇಳಿಸಿತು. ೧೯೭೬ರ ಡಿಸೆಂಬರ್ ೩ರ ರಾತ್ರಿ ಬಂದೂಕುಧಾರಿಗಳು ಅವರ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಗಾಯಗೊಂಡ ಮಾರ್ಲೆಯವರು ಎರಡೇ ದಿನಗಳ ಮೇಲೆ ವೇದಿಕೆ ಹತ್ತಿ ಹಾಡಿದರು. ೧೯೭೮ರ ಏಪ್ರಿಲ್ ೨೨ರಂದು, ಎರಡು ರಾಜಕೀಯ ಪಕ್ಷಗಳ ಬೆಂಬಲಿಗರು ಬೀದಿಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲದಲ್ಲಿ, ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ಎಡ್ವರ್ಡ್ ಸಿಯಾಗ ಇಬ್ಬರನ್ನೂ ವೇದಿಕೆಗೆ ಕರೆದು ಇಬ್ಬರ ಕೈಗಳನ್ನೂ ಮೇಲೆತ್ತಿ ಹಿಡಿದರು. ಆ ಚಿತ್ರ ಜಗತ್ಪ್ರಸಿದ್ಧವಾಯಿತು. ಆದರೂ ೧೯೮೦ರ ಚುನಾವಣೆಯ ವರ್ಷ ಅದೇ ದೇಶದಲ್ಲಿ ನೂರಾರು ಜನ ಹತರಾದರು. ಹಾಡು ಗುಂಡನ್ನು ತಡೆಯಲಿಲ್ಲ ಎಂಬುದನ್ನು ಅಭಿಮಾನಿಗಳು ಒಪ್ಪಿಕೊಳ್ಳಲೇಬೇಕು.

ಅದೇ ೧೯೮೦ರ ಏಪ್ರಿಲ್ ತಿಂಗಳಲ್ಲಿ ನಡೆದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ನಿಂತಿದೆ. ಬಿಳಿಯರ ಆಳ್ವಿಕೆಯಿಂದ ಬಿಡುಗಡೆಗೊಂಡ ಜಿಂಬಾಬ್ವೆಯ ಸ್ವಾತಂತ್ರ್ಯ ಸಮಾರಂಭಕ್ಕೆ ಮಾರ್ಲೆಯವರಿಗೆ ಆಮಂತ್ರಣ ಬಂದಿತು. ಕ್ರೀಡಾಂಗಣದೊಳಗೆ ಗಣ್ಯರು, ಅತಿಥಿಗಳು. ಯಾರ ಹೋರಾಟವನ್ನು ಕುರಿತು ಆ ಹಾಡುಗಳು ಹುಟ್ಟಿದ್ದುವೋ ಆ ಸಾಮಾನ್ಯ ಜನ ಗೇಟಿನ ಹೊರಗೆ. ಹಾಡು ಕೇಳಿದ ಜನ ಒಳನುಗ್ಗಲು ಯತ್ನಿಸಿದಾಗ ಪೊಲೀಸರು ಅಶ್ರುವಾಯು ಸಿಡಿಸಿದರು. ಅದು ವೇದಿಕೆಯವರೆಗೂ ಹಬ್ಬಿ ಹಾಡು ನಿಂತುಹೋಯಿತು. ಮರುದಿನ ಮಾರ್ಲೆಯವರು ಹೊರಗುಳಿದವರಿಗಾಗಿ ಮತ್ತೊಮ್ಮೆ ಹಾಡಿದರು. ಮರುವರ್ಷವೇ, ೧೯೮೧ರ ಮೇ ೧೧ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ಅರ್ಬುದರೋಗದಿಂದ ತೀರಿಕೊಂಡರು. ಯಾರ ಹಾಡೋ ಅವರು ಹೊರಗೆ, ಕೇಳುವ ನಾವು ಒಳಗೆ. ಈ ಗೇಟು ಜಿಂಬಾಬ್ವೆಯಲ್ಲಿ ಮಾತ್ರವಿದೆಯೆ?

ಯಶವಂತಪುರದಲ್ಲಿ ಮೆಟ್ರೋ ರೈಲು ಹತ್ತಿ ಮೆಜೆಸ್ಟಿಕ್ಕಿನ ಕಡೆ ಬನ್ನಿ. ರಾಜಾಜಿನಗರ ದಾಟಿದ ಮೇಲೆ ಬರುವುದು ಮಹಾಕವಿ ಕುವೆಂಪು ರಸ್ತೆಯ ನಿಲ್ದಾಣ. ಅದರ ಮುಂದಿನದು ಶ್ರೀರಾಂಪುರ. ಒಂದು ನಿಲ್ದಾಣಕ್ಕೆ ಮಹಾಕವಿಯ ಹೆಸರಿದೆ. ಇನ್ನೊಂದರ ಕೆಳಗಿನ ಕೇರಿಗಳಲ್ಲಿ ಇನ್ನೊಬ್ಬ ಕವಿ ಬೆಳೆದರು. ೧೯೫೪ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದು ಶ್ರೀರಾಂಪುರದಲ್ಲಿ ಬೆಳೆದ ಡಾ. ಸಿದ್ಧಲಿಂಗಯ್ಯನವರು. ‘ಊರು ಕೇರಿ’ ಎಂಬ ಅವರ ಆತ್ಮಕಥೆಯನ್ನು ಓದಿದವರಿಗೆ ಆ ಕೇರಿಯ ಹಸಿವೂ ಗೊತ್ತು, ಆ ಹಸಿವಿನ ನಡುವೆಯೂ ಬತ್ತದ ನಗೆಯೂ ಗೊತ್ತು.

೧೯೭೩ರಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ‘ಬೂಸಾ’ ಎಂದರೆಂದು ನಾಡಿನಲ್ಲಿ ದೊಡ್ಡ ಗಲಭೆಯೆದ್ದಿತು. ಮಂತ್ರಿಗಳು ಪದವಿ ತ್ಯಜಿಸಬೇಕಾಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಬೇಗೆಯಲ್ಲಿ ಬೆಂದು ಬಂದ ತರುಣರಲ್ಲಿ ಸಿದ್ಧಲಿಂಗಯ್ಯನವರೊಬ್ಬರು. ೧೯೭೫ರಲ್ಲಿ ಅವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮೊದಲಾದವರೊಡನೆ ಬೆಳೆದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಆ ಹಾಡುಗಳು ಊರಿಂದೂರಿಗೆ ನಡೆದುವು. ಪುಸ್ತಕ ಕೊಳ್ಳಲು ಕಾಸಿಲ್ಲದವರೂ, ಓದಲು ಅಕ್ಷರ ಬಾರದವರೂ ಅವನ್ನು ಬಾಯಿಪಾಠ ಮಾಡಿಕೊಂಡರು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸರಂತಹ ಗಾಯಕರು ತಮಟೆಯ ಪೆಟ್ಟಿನೊಡನೆ ಹೋರಾಟದ ಹಾಡುಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಮಾರ್ಲೆಯವರ ಮೇಳ ಲಂಡನ್ನಿನ ಕಂಪೆನಿಯ ಮೂಲಕ ಲೋಕಕ್ಕೆ ಪರಿಚಯವಾದದ್ದು ೧೯೭೩ರಲ್ಲಿ. ಎರಡೂ ಒಂದೇ ಕಾಲದ ಮಾತು. ಇವರ ಹಾಡು ಅವರಿಗೆ ಕೇಳಿಸಿರಲಾರದು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಜಮೈಕದಲ್ಲಿ ತುಳಿತಕ್ಕೊಳಗಾದವರೇ ಬಹುಸಂಖ್ಯಾತರು; ಇಲ್ಲಿ ಹಾಗಲ್ಲ. ಅಲ್ಲಿ ಬಣ್ಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಜಾತಿ ಕಣ್ಣಿಗೆ ಕಾಣದು, ಹೆಸರನ್ನೂ ಊರನ್ನೂ ವಿಚಾರಿಸಿ, ಬಾಡಿಗೆಯ ಮನೆ ಖಾಲಿಯಿಲ್ಲವೆಂದು ಹೇಳುವಾಗ ಕಾಣುತ್ತದೆ. ಅಲ್ಲಿಯವರು ಆಫ್ರಿಕಕ್ಕೆ ಮರಳುವ ಕನಸು ಕಂಡರು. ಇಲ್ಲಿಯವರಿಗೆ ಮರಳಲು ಬೇರೆ ನೆಲವಿಲ್ಲ, ಇದೇ ನೆಲದಲ್ಲಿ ಪಾಲು ಕೇಳಬೇಕು. ಇಷ್ಟು ಭೇದವಿದ್ದರೂ ಎರಡು ಹಾಡುಗಳ ಮುಂದಿನ ಗತಿ ಮಾತ್ರ ಒಂದೇ ಆಯಿತು.

ಮಾರ್ಲೆಯವರು ತೀರಿಕೊಂಡ ಮೂರು ವರ್ಷಕ್ಕೆ, ೧೯೮೪ರಲ್ಲಿ, ಅವರ ಹಾಡುಗಳ ಒಂದು ಸಂಕಲನ ಹೊರಬಂದು ಕೋಟಿಗಟ್ಟಲೆ ಮಾರಾಟವಾಯಿತು. ಆಯ್ದವರು ಜಾಣರು. ಪ್ರೇಮಕ್ಕೂ ಸಮಾಧಾನಕ್ಕೂ ಹೆಚ್ಚು ಸ್ಥಳ ಕೊಟ್ಟು ಕೋಪದ ಹಾಡುಗಳನ್ನು ಬಹಳಮಟ್ಟಿಗೆ ಬದಿಗಿಟ್ಟರು. ಇಂದು ಲೋಕಕ್ಕೆ ಪರಿಚಯವಿರುವುದು ಹೆಚ್ಚಾಗಿ ಆ ಮಾರ್ಲೆ. ನಮ್ಮಲ್ಲಿ ೧೯೮೩ರಲ್ಲಿ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಸಿದ್ಧಲಿಂಗಯ್ಯನವರು ಬರೆದ ಪ್ರೇಮಗೀತೆ ಮನೆಮನೆಯ ರೇಡಿಯೋದಲ್ಲಿ ಮೊಳಗಿತು. ‘ಹೊಲೆಮಾದಿಗರ ಹಾಡು’ ಹೊಕ್ಕದ ಎಷ್ಟೋ ಮನೆಗಳೊಳಕ್ಕೆ ಆ ಗೀತೆ ಸಲೀಸಾಗಿ ಹೊಕ್ಕಿತು. ಕವಿಗಳು ಮುಂದೆ ವಿಧಾನಪರಿಷತ್ತಿನ ಸದಸ್ಯರಾದರು. ೨೦೧೫ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೨೦೨೧ರ ಜೂನ್ ೧೧ರಂದು ನಿಧನರಾದ ಮೇಲೆ ಪದ್ಮಶ್ರೀಯೂ ಬಂದಿತು. ಹಾಡು ಮೆದುವಾಯಿತೆಂದು ಅವರನ್ನು ಆಕ್ಷೇಪಿಸಿದವರುಂಟು. ಕವಿ ಮೆದುವಾದರೋ, ಮೆದುವಾದದ್ದನ್ನು ಮಾತ್ರ ನಾವು ಕೇಳಲು ಒಪ್ಪಿದೆವೋ? ಆಕ್ಷೇಪಿಸುವ ಮೊದಲು ಇದನ್ನು ಯೋಚಿಸಬೇಕು.

ಹಾಗಾದರೆ ಇಂತಹ ಹಾಡಿನಿಂದ ಆದದ್ದೇನು? ಬಹಳವೇ ಆಗಿದೆ. ೧೯೭೬ರಲ್ಲಿ ಇಂಗ್ಲೆಂಡಿನಲ್ಲಿ ವರ್ಣದ್ವೇಷದ ವಿರುದ್ಧ ಸಂಗೀತಗಾರರು ಚಳವಳಿ ಹೂಡಿದಾಗ ಕಪ್ಪು ತರುಣರೂ ಬಿಳಿ ತರುಣರೂ ಒಂದೇ ಮೈದಾನದಲ್ಲಿ ನಿಂತು ರೆಗ್ಗೇ ಕೇಳಿದರು. ಜಮೈಕದ ಬೀದಿಯ ಧ್ವನಿವರ್ಧಕವನ್ನು ಕಂಡು ಬೆಳೆದ ಕೂಲ್ ಹರ್ಕ್ ಎಂಬವರು ನ್ಯೂಯಾರ್ಕಿನಲ್ಲಿ ೧೯೭೩ರಲ್ಲಿ ನಡೆಸಿದ ಕೂಟಗಳಿಂದ ಹಿಪ್‌ಹಾಪ್ ಹುಟ್ಟಿತು. ೨೦೧೮ರಲ್ಲಿ ಯುನೆಸ್ಕೋ ಸಂಸ್ಥೆ ರೆಗ್ಗೇಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿಯೂ ೨೦೧೬ರಲ್ಲಿ ಗೋವೆಯ ಕಡಲ ದಂಡೆಯಲ್ಲಿ ಇದಕ್ಕಾಗಿ ಉತ್ಸವ ಮೊದಲಾಯಿತು. ಹಾಗೆಯೇ, ಸಿದ್ಧಲಿಂಗಯ್ಯನವರ ತಲೆಮಾರಿನ ಮೇಲೆ ಕನ್ನಡ ಸಾಹಿತ್ಯ ಮೊದಲಿನಂತಿರಲು ಸಾಧ್ಯವಾಗಲಿಲ್ಲ. ಯಾರನ್ನು ಕುರಿತು ಇತರರು ಮರುಗಿ ಬರೆಯುತ್ತಿದ್ದರೋ ಅವರೇ ಎದ್ದು ಮಾತನಾಡಿದರು; ಮರುಕದ ಬದಲು ಮರ್ಯಾದೆ ಕೇಳಿದರು. ತರಗತಿಯಲ್ಲಿ ಪಾಠ ಹೇಳುವ ನನ್ನಂತಹವನಿಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಹಿಂದಿನ ಬೆಂಚಿನ ಹುಡುಗ ತನ್ನ ಕೇರಿಯ ಮಾತನ್ನು ಪಠ್ಯಪುಸ್ತಕದಲ್ಲಿ ಕಂಡಾಗ ಅವನ ಬೆನ್ನು ನೆಟ್ಟಗಾಗುವುದನ್ನು ಅಧ್ಯಾಪಕರೆಲ್ಲ ಕಂಡಿದ್ದಾರೆ.

ಹೆಬ್ಬಾಳ, ಯಲಹಂಕ, ದೇವನಹಳ್ಳಿಗಳನ್ನು ದಾಟಿ ಅದೇ ಬಳ್ಳಾರಿ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಚಿಕ್ಕಬಳ್ಳಾಪುರ. ಆ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಸಂದಿತು. ಚರ್ಮ ಮುಟ್ಟುವವರ ವಾದ್ಯವೆಂದು ತಮಟೆಯನ್ನು ಗುಡಿಯ ಹೊರಗೆ, ಹೆಣದ ಮುಂದೆ ನಿಲ್ಲಿಸಿದ ಸಮಾಜವೇ ಇಂದು ಮದುವೆಯ ದಿಬ್ಬಣದ ಮುಂದೆ ಅದನ್ನು ಬಾರಿಸುವಂತೆ ಹೇಳಿ ನೋಟು ಹಿಡಿದು ಕುಣಿಯುತ್ತದೆ. ಒಳ್ಳೆಯದೇ. ಆದರೆ ಬಾರಿಸಿದ ಮೇಲೆ ಆ ಕಲಾವಿದರಿಗೆ ಊಟದ ಎಲೆ ಹಾಕುವುದು ಪಂಕ್ತಿಯಲ್ಲಿಯೋ, ಹಿತ್ತಲಿನಲ್ಲಿಯೋ? ವಾದ್ಯ ಒಳಗೆ ಬಂದು ವಾದಕರು ಹೊರಗುಳಿದರೆ ಗೇಟು ತೆರೆದಂತಾಗಲಿಲ್ಲ.

ಮಕ್ಕಳ ಅಂಗಿಯ ಮೇಲಿನ ಚಿತ್ರವನ್ನು ಕುರಿತು ತಂದೆತಾಯಿಗಳು ಸಿಡುಕಬೇಕಾಗಿಲ್ಲ. ‘ಇವರ ಕಥೆ ಹೇಳು, ಕೇಳೋಣ’ ಎಂದರೆ ಸಾಕು. ಮಗನಿಗೆ ತಿಳಿಯದಿದ್ದರೆ ಅವನು ಓದಿಯಾನು. ತಿಳಿದಿದ್ದರೆ ಹಿರಿಯರಿಗೆ ಲಾಭ. ಆ ಕಥೆ ಮುಗಿದ ಮೇಲೆ ಶ್ರೀರಾಂಪುರದ ಕಥೆಯನ್ನು ಹಿರಿಯರು ಹೇಳಲಿ. ಸಾವಿರಾರು ಮೈಲಿಯಾಚೆಯ ಕೇರಿಗಾಗಿ ಕಣ್ಣೀರಿಡುವುದು ಸುಲಭ, ಅದಕ್ಕೆ ಖರ್ಚಿಲ್ಲ. ನಮ್ಮ ಬೀದಿಯ ಕೊನೆಯ ಕೇರಿಯವರು ಹಾಡಿದಾಗ ಕಿಟಕಿ ತೆರೆದು ಕೇಳುವುದಕ್ಕೆ ಸ್ವಲ್ಪ ಖರ್ಚುಂಟು. ಆ ಖರ್ಚನ್ನು ಭರಿಸಿದ ಮನೆಯವರಿಗೆ ಎರಡು ಹಾಡುಗಳೂ ಅರ್ಥವಾಗುತ್ತವೆ.