ಸೈಕಲ್ ಅಂಗಡಿಯಿಂದ ಇನ್ನೋವಾವರೆಗೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಟೊಯೊಟಾ ಇನ್ನೋವಾ ಹಾದುಹೋದರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆ ಜಪಾನಿ ಕಾರಿನ ಕಥೆಗೂ ಬೆಳಗಾವಿಗೂ ಒಂದು ಹಳೆಯ ನಂಟಿದೆ.

ಸಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಜಪಾನಿನ ಒಬ್ಬ ಬಡಗಿಯ ಮನೆಯಲ್ಲಿ. ಆತನ ಚಿಂತೆ ಕಾರಿನದಲ್ಲ, ಮಗ್ಗದ್ದು. ಮಗ್ಗದಲ್ಲಿ ನೂಲು ಹರಿದದ್ದು ಗಮನಕ್ಕೆ ಬಾರದಿದ್ದರೆ ಬಟ್ಟೆ ಕೆಡುತ್ತದೆ. ಶಹಾಪುರ, ವಡಗಾವಿಯ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ಸಕಿಚಿ ರೂಪಿಸಿದರು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಅದರ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು.

ಸಕಿಚಿಗಿಂತ ಎರಡು ವರ್ಷ ಚಿಕ್ಕವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಚಿತ್ರಕಾರನಾಗುವ ಆಸೆಯಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ವರ್ಣಾಂಧತೆ ಅಡ್ಡ ಬಂತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು, ಕಲಿಸಿದರು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣನೊಡನೆ ಆರಂಭಿಸಿದ ಸೈಕಲ್ ಅಂಗಡಿಯೇ ಅವರ ಉದ್ಯಮದ ಮೊದಲ ಮೆಟ್ಟಿಲು. ಮೇವು ಕತ್ತರಿಸುವ ಯಂತ್ರ ಮಾಡಿದರು. ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾದೀತೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಹಾಗೆಯೇ ಬಿದ್ದಿದ್ದವು. ಅಷ್ಟರಲ್ಲಿ ಹೊಸ ಬಡಾವಣೆಗಾಗಿ ಜಾಗ ತೆರವು ಮಾಡಬೇಕಾಯಿತು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಾರ್ಖಾನೆ ಬೆಳಗಾವಿಯ ಕೈತಪ್ಪಿತು. ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು ಊರಲ್ಲಿ ಉಳಿಯಿತು.

ಅತ್ತ ಜಪಾನಿನಲ್ಲಿ ಸಕಿಚಿಯ ಮಗ ಕಿಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯಲ್ಲೇ ಮೋಟಾರು ವಿಭಾಗ ತೆರೆದರು. ಅಮೆರಿಕದ ಶೆವರ್ಲೆ ಕಾರನ್ನು ತಂದು, ಬಿಚ್ಚಿ, ಒಂದೊಂದು ಭಾಗವನ್ನೂ ಅಭ್ಯಾಸ ಮಾಡಿದರು. 1936ರಲ್ಲಿ 'ಎಎ' ಕಾರು ಬಂತು. ಮರುವರ್ಷ ಟೊಯೊಟಾ ಪ್ರತ್ಯೇಕ ಕಂಪನಿಯಾಯಿತು. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಾಗ ಕಿಚಿರೊ ಹೊಣೆ ಹೊತ್ತು ಅಧ್ಯಕ್ಷ ಸ್ಥಾನ ಬಿಟ್ಟರು. 1955ರ 'ಕ್ರೌನ್' ತಾಯ್ನಾಡಿನಲ್ಲಿ ಮೆಚ್ಚುಗೆ ಗಳಿಸಿತು, ಅಮೆರಿಕದ ಹೆದ್ದಾರಿಯಲ್ಲಿ ಮಾತ್ರ ಏದುಸಿರು ಬಿಟ್ಟಿತು. ಕಂಪನಿ ತಪ್ಪುಗಳನ್ನು ತಿದ್ದಿಕೊಂಡಿತು. 1966ರ 'ಕೊರೊಲಾ' ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಯಿತು. 1967ರ '2000 ಜಿಟಿ' ತಯಾರಾದದ್ದು ಬರೀ 351; ಇಂದು ಸಂಗ್ರಾಹಕರ ಪಾಲಿಗೆ ಅದು ಬಂಗಾರ.

ಈ ಎರಡು ಮನೆತನಗಳ ಉದ್ಯಮಗಳು ಕೈಜೋಡಿಸಿದ್ದು ಕರ್ನಾಟಕದಲ್ಲೇ. 1995ರಲ್ಲಿ ಮೊದಲು ಜವಳಿ ಯಂತ್ರಗಳಿಗಾಗಿ, 1997ರಲ್ಲಿ ಕಾರಿಗಾಗಿ. ಆ ಸಹಯೋಗವನ್ನು ಮುನ್ನಡೆಸಿದವರು ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ್. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ 'ಕ್ವಾಲಿಸ್' ಮಾರುಕಟ್ಟೆಗೆ ಬಂತು, 2005ರಲ್ಲಿ 'ಇನ್ನೋವಾ'. ವಿಕ್ರಮ್ 2022ರಲ್ಲಿ ತೀರಿಕೊಂಡರು.

ಬಣ್ಣ ಕಾಣದ ಕಣ್ಣು, ಮಾರಾಟವಾಗದ ನೇಗಿಲು, ಹೆದ್ದಾರಿಯಲ್ಲಿ ಸೋತ ಕಾರು — ಯಾವುದೂ ಅಲ್ಲಿಗೇ ಮುಗಿಯಲಿಲ್ಲ. ಮನೆಯ ಹುಡುಗ ಸೈಕಲ್ ಬಿಚ್ಚಿ ಅಂಗಳದ ತುಂಬ ಹರಡಿದ್ದರೆ ತಂದೆ-ತಾಯಿ ಕೂಡಲೇ ಗದರಬೇಕಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸಿಯೇ ಊಟಕ್ಕೆ ಏಳಬೇಕು ಎಂದರೆ ಸಾಕು.